ಸಮುದ್ರದ ಟ್ಯಾಂಕಿಗೆ ಕಲ್ಲು ಕೊಳ್ಳುವವರೇ, ಕೆಜಿ ಲೆಕ್ಕಕ್ಕೆ ತಲೆಯಾಡಿಸಬೇಡಿ

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಅಂಗಡಿಗೆ ಹೋದರೆ ಕಲ್ಲಿನ ವಿಷಯ ಬಂದೇ ಬರುತ್ತದೆ. ಎಷ್ಟು ಬೇಕು ಅಂದರೆ ಉತ್ತರ ರೆಡಿ ಇರುತ್ತದೆ. "ಗ್ಯಾಲನ್‌ಗೆ ಒಂದೂವರೆ ಪೌಂಡ್ ಸಾರ್. ಅದೇ ರೂಲ್." ಒಂದು ವಿಷಯ ಗಮನಿಸಿ. ಈ ರೂಲ್ ಹೇಳುವವನೇ ಕಲ್ಲನ್ನು ತೂಕ ಹಾಕಿ ಮಾರುವವನೂ ಹೌದು.

ಬೆಂಗಳೂರಿನ ಒಂದು ಅಂಗಡಿಯವರು ನಮ್ಮ ಮನೆಯಲ್ಲಿ ಇದೇ ರೂಲ್ ನಡೆಸಿದರು. ನಮ್ಮದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಅಂಚಿನವರೆಗೆ ತುಂಬಿದರೆ 191 ಲೀಟರ್, ಅಂದರೆ ಹೆಚ್ಚೂಕಡಿಮೆ 50 ಗ್ಯಾಲನ್. ಅವರ ಲೆಕ್ಕಕ್ಕೆ 34 ಕೆಜಿ ಡ್ರೈ ರಾಕ್, ಅಂದರೆ ಜೀವವಿಲ್ಲದ ಒಣ ಕಲ್ಲು ಬಂತು. ಜೋಡಿಸಿಕೊಡಲು ಇಬ್ಬರು ಹುಡುಗರೂ ಬಂದರು, ಅದು ಪ್ಯಾಕೇಜಿನಲ್ಲೇ ಸೇರಿತ್ತು. ಮೊದಲು ಮರಳು ಸುರಿದರು. ಅದರ ಮೇಲೆ ಹಿಂದಿನ ಗಾಜಿಗೆ ಒತ್ತಿ, ಆ ತುದಿಯಿಂದ ಈ ತುದಿಯವರೆಗೆ ಕಲ್ಲು ಪೇರಿಸಿದರು. ಮೇಲೆ ನಾಲ್ಕು ಬೆರಳು ನೀರು ಉಳಿಯಿತು. ಅಮ್ಮ ನೋಡಿ, "ಇದೇನೋ ಕಾಂಪೌಂಡ್ ಗೋಡೆ ಕಟ್ಟಿದ್ದಾರೆ, ಮೀನು ಎಲ್ಲಿ ಓಡಾಡಬೇಕು?" ಅಂದರು. ಹುಡುಗರು ನಕ್ಕರು. "ಕಲ್ಲು ಜಾಸ್ತಿ ಇದ್ದಷ್ಟೂ ಬ್ಯಾಕ್ಟೀರಿಯಾ ಜಾಸ್ತಿ, ಆಂಟಿ."

ಈ ಮಾತು ಅರ್ಧ ನಿಜ, ಅದಕ್ಕೇ ಅಪಾಯ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಆಮೇಲೆ ನೈಟ್ರೇಟ್ ಮಾಡುತ್ತದೆ. ಅಷ್ಟು ಸರಿ. ಆದರೆ ಬ್ಯಾಕ್ಟೀರಿಯಾ ಎಷ್ಟು ಬೆಳೆಯುತ್ತದೆ ಅನ್ನುವುದು ಅದಕ್ಕೆ ಸಿಗುವ ಅಮೋನಿಯಾದ ಮೇಲೆ ನಿಂತಿದೆ. ಎರಡು ಮೂರು ಸಣ್ಣ ಮೀನಿರುವ ಟ್ಯಾಂಕಿಗೆ 34 ಕೆಜಿ ಕಲ್ಲು ಹಾಕಿದರೂ ಬ್ಯಾಕ್ಟೀರಿಯಾ ಆ ಮೂರು ಮೀನಿಗೆ ತಕ್ಕಷ್ಟೇ. ಮರಳಿನಲ್ಲಿ, ಗಾಜಿನ ಮೇಲೆ, ಫಿಲ್ಟರ್ ಒಳಗೆ ಕೂಡ ಅದು ಬೆಳೆಯುತ್ತದೆ. ಕಲ್ಲು ಜಾಸ್ತಿ ಹಾಕಿದರೆ ಟ್ಯಾಂಕ್ ಬೇಗ ತಯಾರಾಗುತ್ತದೆ ಅಂತಲೂ ಹೇಳುತ್ತಾರೆ. ಒಣಗಿದ ಕಲ್ಲಿನ ಮೇಲೆ ಮೊದಲ ದಿನ ಈ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲ ಅನ್ನಬಹುದು. ಹತ್ತು ಕೆಜಿ ಇದ್ದರೂ ಅಷ್ಟೇ, ನೂರು ಕೆಜಿ ಇದ್ದರೂ ಅಷ್ಟೇ. ಹೊರಗಿನಿಂದ ಬ್ಯಾಕ್ಟೀರಿಯಾ ಸೇರಿಸಿ, ಅಮೋನಿಯಾ ಕೊಟ್ಟು, ವಾರಗಟ್ಟಲೆ ಕಾಯಲೇಬೇಕು.

ಹಾಗಾದರೆ ಈ ಪೌಂಡ್ ಲೆಕ್ಕ ಎಲ್ಲಿಂದ ಬಂತು? ಇದು ಲೈವ್ ರಾಕ್ ಕಾಲದ ಲೆಕ್ಕ. ಆಗ ಫಿಜಿ, ಟೋಂಗಾ, ಇಂಡೋನೇಷ್ಯಾ ಕಡೆಯ ಸಮುದ್ರದಿಂದ ಜೀವ ತುಂಬಿದ ಒದ್ದೆ ಕಲ್ಲು ಬರುತ್ತಿತ್ತು. ಬರ್ಲಿನ್ ಪದ್ಧತಿ ಅನುಸರಿಸುವವರಿಗೆ ಆ ಕಲ್ಲೂ ಒಂದು ಸ್ಕಿಮ್ಮರ್ರೂ (ನೊರೆ ಎಬ್ಬಿಸಿ ಹೊಲಸು ತೆಗೆಯುವ ಯಂತ್ರ) ಇದ್ದರೆ ಅದೇ ಫಿಲ್ಟರ್. ಅಮೆರಿಕದವರು ಅದಕ್ಕೆ ಗ್ಯಾಲನ್‌ಗೆ ಒಂದರಿಂದ ಎರಡು ಪೌಂಡ್ ಅಂತ ಅಂದಾಜು ಮಾಡಿಕೊಂಡರು. ಈಗ ಸಿಗುವ ಡ್ರೈ ರಾಕ್ ಒಂದೊಂದು ಒಂದೊಂದು ಥರ. ತೂತು ತೂತಾದ ಹಗುರ ಕಲ್ಲು ಹತ್ತು ಕೆಜಿಗೇ ಅರ್ಧ ಟ್ಯಾಂಕ್ ತುಂಬುತ್ತದೆ. ಗಟ್ಟಿ ಸುಣ್ಣಕಲ್ಲು ಅದೇ ಹತ್ತು ಕೆಜಿಗೆ ಎರಡು ತುಂಡು ಬಂದರೆ ಹೆಚ್ಚು. ತೂಕ ಒಂದೇ, ಜಾಗ ಬೇರೆ. ಇದನ್ನು ತಿಳಿದೂ ಒಂದೇ ಲೆಕ್ಕ ಹೇಳುವವರು ವ್ಯಾಪಾರ ಮಾಡುತ್ತಿದ್ದಾರೆ ಅಷ್ಟೇ.

ನಮ್ಮ ಟ್ಯಾಂಕಿನಲ್ಲಿ ಮೊದಲು ಬಂದದ್ದು ಪಾಚಿ. ಕಂದು ಪಾಚಿ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಅದರ ಹಿಂದೆಯೇ ಕೂದಲಿನ ಥರದ ಹಸಿರು ಪಾಚಿ ಬಂತು. ಕಿತ್ತರೂ ಬಂತು, ನೀರು ಬದಲಾಯಿಸಿದರೂ ಬಂತು. ಟೆಸ್ಟ್ ಮಾಡಿದರೆ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಕಡಿಮೆ. ಅಂಗಡಿಯವರು ಲೈಟ್ ಕಡಿಮೆ ಮಾಡಿ ಅಂದರು, ಊಟ ಕಡಿಮೆ ಹಾಕಿ ಅಂದರು. ಕಲ್ಲಿನ ಮಾತೇ ಎತ್ತಲಿಲ್ಲ. ಆಮೇಲೆ ಹೊರಗೆ ತೆಗೆದ ಒಂದು ತುಂಡನ್ನು ಬರೀ ಆರ್‌ಒ ನೀರಿನ ಬಕೆಟ್ಟಿನಲ್ಲಿ ಸಣ್ಣ ಪಂಪ್ ಹಾಕಿ ಬಿಟ್ಟೆ. ವಾರ ಕಳೆದ ಮೇಲೆ ಆ ನೀರಿನ ಫಾಸ್ಫೇಟ್ 0.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಅನ್ನುವ ಅಳತೆ) ದಾಟಿತ್ತು. ಹವಳವಿಡುವ ಟ್ಯಾಂಕಿನಲ್ಲಿ 0.1 ಕ್ಕಿಂತ ಕೆಳಗಿರಲಿ ಅಂತ ಎಲ್ಲರೂ ಹೆಣಗುತ್ತಾರೆ. ಸುಣ್ಣದ ಕಲ್ಲು ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದ ಹಾಗೆ ಬಿಡುತ್ತಾ ಹೋಗುತ್ತದೆ. ಟ್ಯಾಂಕಿನ ನೀರಿನಲ್ಲಿ ಅದು ಕಾಣಿಸದೇ ಇದ್ದದ್ದು ಪಾಚಿ ಕುಡಿದುಬಿಡುತ್ತಿದ್ದುದರಿಂದ. ಇಂಥ ಕಲ್ಲು 34 ಕೆಜಿ ಇದ್ದರೆ ಉಗ್ರಾಣವೂ ಅಷ್ಟೇ ದೊಡ್ಡದು, ಅಲ್ವಾ?

ಪಾಚಿಯನ್ನಾದರೂ ಸಹಿಸಬಹುದಿತ್ತು. ನಮ್ಮಲ್ಲಿ ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಸೀಗಡಿ ಇದ್ದವು. ಫೈರ್‌ಫಿಶ್ ಹೆದರುಪುಕ್ಕಲ ಮೀನು, ಸಂದಿ ಕಂಡರೆ ನುಗ್ಗುತ್ತದೆ. ಒಂದು ದಿನ ಊಟಕ್ಕೆ ಬರಲಿಲ್ಲ. ಅಡಗಿರಬಹುದು ಅಂದುಕೊಂಡೆವು. ಎರಡು ದಿನದಲ್ಲಿ ಕ್ಲೌನ್‌ಗಳು ನೀರಿನ ಮೇಲ್ಭಾಗದಲ್ಲಿ ನಿಂತು ಜೋರಾಗಿ ಉಸಿರಾಡತೊಡಗಿದವು. ಅಮೋನಿಯಾ 1 ಪಿಪಿಎಂ. ಸಮುದ್ರದ ನೀರಿನ ಪಿಎಚ್ 8 ಕ್ಕಿಂತ ಮೇಲಿರುವುದರಿಂದ ಅಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ಹೆಚ್ಚು. ಸತ್ತ ಮೀನು ಗೋಡೆಯ ಹಿಂದೆ ಎಲ್ಲೋ ಇದೆ, ಕೈ ಹೋಗುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಸೀಗಡಿ ತಿಂದುಬಿಡುತ್ತೆ ಬಿಡಿ ಸಾರ್" ಅಂದರು.

ಕ್ಲೌನ್‌ಗಳನ್ನೂ ಸೀಗಡಿಯನ್ನೂ ಬಕೆಟ್ಟಿಗೆ ಹಾಕಿ, ಗಾಳಿ ಪಂಪ್ ಇಟ್ಟು, ಕಲ್ಲು ಒಂದೊಂದೇ ತೆಗೆದೆವು. ಗೋಡೆಯ ಹಿಂದೆ ನೀರಿನ ಓಡಾಟವೇ ಇರಲಿಲ್ಲ. ಹೊಲಸು, ಉಳಿದ ಊಟ ಎಲ್ಲ ಅಲ್ಲೇ ಕೂತಿತ್ತು. ಕಲ್ಲಿನ ಅಡಿಯ ಮರಳು ಕಪ್ಪಾಗಿತ್ತು, ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ಮೀನಿದ್ದಾಗಲೇ ಈ ಮರಳು ಕದಡಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ದೊಡ್ಡ ಕಲ್ಲುಗಳು ಮರಳಿನ ಮೇಲೆ ಸುಮ್ನೆ ಕೂತಿದ್ದವು, ಅಂಟಿಸಿರಲಿಲ್ಲ. ಮರಳು ತೋಡುವ ಗೋಬಿ ಮೀನು ತಂದಿದ್ದರೆ ಕಲ್ಲು ಜಾರಿ ಗಾಜಿಗೆ ಬಡಿಯುತ್ತಿತ್ತು. ಮೂರನೇ ಮಹಡಿಯ ಮನೆ ನಮ್ಮದು. ಕೆಳಗಿನವರ ಸೀಲಿಂಗ್ ಉಳಿಯಿತು!

ಉಳಿದ ಕಲ್ಲು ವಾಪಸ್ ತೆಗೆದುಕೊಳ್ಳಿ ಅಂದರೆ "ನೀರಿಗಿಳಿದ ಕಲ್ಲು ವಾಪಸ್ ಇಲ್ಲ" ಅಂದರು. ಅದಕ್ಕಿಂತ ಕೆಟ್ಟದ್ದು ಅವರು ಕೊಟ್ಟ ಪರಿಹಾರ. "ಇದು ಸರಿಹೋಗದಿದ್ದರೆ ಒಳಗೆ ಒರಿಜಿನಲ್ ಇದೆ, ಸಮುದ್ರದ್ದೇ, ರೇಟಲ್ಲಿ ನೋಡಿಕೊಳ್ಳೋಣ." ಒರಿಜಿನಲ್ ಅಂದರೆ ಸತ್ತ ಹವಳ. ಇದನ್ನು ಮಾತ್ರ ಮುಟ್ಟಬೇಡಿ. ಬಂಡೆ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು 2001 ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ. ಹುಲಿ ಇರುವ ಷೆಡ್ಯೂಲ್ ಅದು. ಸತ್ತ ತುಂಡಿಗೂ ಅದು ಅನ್ವಯಿಸುತ್ತದೆ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ಹವಳ ಅಗೆದರೆ ಏನಾಗುತ್ತದೆ ಅಂತ ನೋಡಲು ತಮಿಳುನಾಡಿನ ಮನ್ನಾರ್ ಕೊಲ್ಲಿ ಸಾಕು. ಸುಣ್ಣಕ್ಕೆಂದು ವರ್ಷಗಟ್ಟಲೆ ಅಗೆದ ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಡಿ ಸೇರಿವೆ. ನಮ್ಮ ಮುರುಡೇಶ್ವರದ ಆಚೆ ನೇತ್ರಾಣಿಯಲ್ಲೂ ಹವಳ ಇದೆ, ಅದು ಅಲ್ಲೇ ಇರಲಿ. ಡ್ರೈ ರಾಕ್ ಕೊಳ್ಳುವಾಗ ನೆಲದಿಂದ ಅಗೆದ ಸುಣ್ಣಕಲ್ಲೋ, ಕಾರ್ಖಾನೆಯಲ್ಲಿ ಮಾಡಿದ್ದೋ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ ಇಲ್ಲ ಅಂದರೆ ಎದ್ದು ಬನ್ನಿ.

ಈಗ ನಮ್ಮ ಟ್ಯಾಂಕಿನಲ್ಲಿರುವುದು 14 ಕೆಜಿ. ಎರಡು ಗುಡ್ಡ, ನಡುವೆ ಖಾಲಿ ಜಾಗ. ಸುತ್ತ ಗಾಜಿನಿಂದ ನಾಲ್ಕೈದು ಬೆರಳು ದೂರ, ಉಜ್ಜುವ ಮ್ಯಾಗ್ನೆಟ್ ಆರಾಮವಾಗಿ ಹೋಗುತ್ತದೆ. ಕೊಳ್ಳುವ ಮೊದಲು ನೆಲದ ಮೇಲೆ ಟ್ಯಾಂಕಿನ ಅಳತೆಗೆ ಟೇಪ್ ಅಂಟಿಸಿ, ಅದರೊಳಗೆ ಕಲ್ಲು ಜೋಡಿಸಿ ನೋಡಿ. ಅಂಗಡಿಯಲ್ಲೇ ನೋಡಿದರೆ ಇನ್ನೂ ಒಳ್ಳೆಯದು, ಒಪ್ಪದವನ ಹತ್ತಿರ ತಗೊಳ್ಳಬೇಡಿ. ಕಣ್ಣಳತೆಗೆ ಟ್ಯಾಂಕಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ತುಂಬಿದರೆ ಸಾಕು. ಕಡಿಮೆಯಾಯಿತು ಅನಿಸಿದರೆ ಆಮೇಲೆ ಸೇರಿಸಬಹುದು. ತೆಗೆಯುವುದು ಎಂಥ ರಗಳೆ ಅಂತ ಮೇಲೆ ಓದಿದಿರಿ. ಕಲ್ಲನ್ನು ಮೊದಲು ಬರೀ ಗಾಜಿನ ಮೇಲೆ ಕೂರಿಸಿ, ಕೀಲುಗಳಿಗೆ ಸೂಪರ್ ಗ್ಲೂ ಜೆಲ್, ಎಪಾಕ್ಸಿ ಹಾಕಿ, ಮರಳು ಕೊನೆಗೆ. ಬ್ಯಾಕ್ಟೀರಿಯಾಕ್ಕೆ ಜಾಗ ಸಾಲದು ಅನ್ನುವ ಭಯ ಇದ್ದರೆ ಫಿಲ್ಟರಿನೊಳಗೆ ಸೆರಾಮಿಕ್ ಮೀಡಿಯಾ (ಬ್ಯಾಕ್ಟೀರಿಯಾ ಕೂರಲು ಮಾಡಿದ ತೂತು ತೂತಾದ ತುಂಡುಗಳು) ಹಾಕಿಕೊಳ್ಳಿ, ಕಣ್ಣಿಗೂ ಕಾಣುವುದಿಲ್ಲ.

ನೀರು ತುಂಬುವಾಗ ಎಷ್ಟು ಲೀಟರ್ ಹಿಡಿಯಿತು ಅಂತ ಬಕೆಟ್ ಎಣಿಸಿ ಬರೆದಿಡಿ. ಗೋಡೆ ಇದ್ದಾಗ ನಮ್ಮ 191 ಲೀಟರ್ ಟ್ಯಾಂಕಿನಲ್ಲಿ ನಿಜವಾದ ನೀರು 145 ಲೀಟರ್ ಆಸುಪಾಸು. ಪೆಟ್ಟಿಗೆಯ ಮೇಲಿನ ಅಳತೆ ನಂಬಿ ಔಷಧಿ ಹಾಕಿದರೆ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ.

ಇನ್ನು ಪರೀಕ್ಷೆ. ವಿನೆಗರ್ ಹಾಕಿ ನೊರೆ ಬಂದರೆ ಒಳ್ಳೆಯ ಕಲ್ಲು ಅನ್ನುತ್ತಾರೆ. ನೊರೆ ಬಂದರೆ ಅದು ಸುಣ್ಣದ ಕಲ್ಲು ಅಂತ ಮಾತ್ರ ಗೊತ್ತಾಗುತ್ತದೆ, ಒಳಗಿನ ಫಾಸ್ಫೇಟ್ ಗೊತ್ತಾಗುವುದಿಲ್ಲ. ತುಕ್ಕಿನ ಬಣ್ಣದ ಗೆರೆ ಇರುವ ತುಂಡು ಬೇಡ. ಬಕೆಟ್ ಪರೀಕ್ಷೆ ಮಾಡಿಯೇ ಟ್ಯಾಂಕಿಗೆ ಹಾಕಿ. ಫಾಸ್ಫೇಟ್ ಬಂದರೆ ನೀರು ಬದಲಾಯಿಸುತ್ತಾ ನೆನೆಸಿಡಿ. ಕೆಲವರು ಬ್ಲೀಚಿನಲ್ಲಿ, ಆಮೇಲೆ ಆ್ಯಸಿಡ್ಡಿನಲ್ಲಿ ಅದ್ದುತ್ತಾರೆ. ಮಾಡುವುದಾದರೆ ಟೆರೇಸಿನಲ್ಲಿ, ಗ್ಲೌಸು ಕನ್ನಡಕ ಹಾಕಿಕೊಂಡು ಮಾಡಿ. ಎರಡರ ನಡುವೆ ಕಲ್ಲನ್ನು ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಬ್ಲೀಚೂ ಆ್ಯಸಿಡ್ಡೂ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ, ಕಲ್ಲಿನ ತೂತಿನಲ್ಲಿ ಉಳಿದ ಬ್ಲೀಚ್ ಸಾಕು ಅದಕ್ಕೆ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ.