ಸೈಕಲ್ ಪಥ: ಏಳು ವರ್ಷ ತುಳಿದ ಮೇಲೆ

ಬಳಸಿದ ಅವಧಿ: 2019ರ ಆರಂಭದಿಂದ ಇಂದಿನವರೆಗೆ. ಬಳಸಿದ ದಾರಿ: ಬೆಂಗಳೂರಿನ ಜಯನಗರ ಒಂಬತ್ತನೇ ಬ್ಲಾಕಿನ ಮನೆಯಿಂದ ಬೆಳ್ಳಂದೂರಿನ ಕಚೇರಿಗೆ, ಒಂದು ಬದಿಗೆ ಸುಮಾರು 11 ಕಿ.ಮೀ. ವಾಹನ: ಏಳು ಗೇರಿನ ಸಾಧಾರಣ ಸೈಕಲ್, ಹಿಂದೊಂದು ಕ್ಯಾರಿಯರ್, ಅದರ ಮೇಲೆ ಊಟದ ಡಬ್ಬಿ.

ಮಿಕ್ಸಿ ಕೊಂಡವರು ಆರು ತಿಂಗಳಾದ ಮೇಲೆ ಚಟ್ನಿ ನುಣ್ಣಗಾಗುತ್ತದೆಯೇ ಎಂದು ಬರೆಯುತ್ತಾರೆ. ಮೊಬೈಲ್ ಕೊಂಡವರು ಬ್ಯಾಟರಿಯ ಬಗ್ಗೆ ಬರೆಯುತ್ತಾರೆ. ನಮ್ಮ ತೆರಿಗೆ ಹಣದಲ್ಲಿ ಮಾಡಿದ ಸೈಕಲ್ ಪಥದ ಬಗ್ಗೆ ಮಾತ್ರ ಅದನ್ನು ತುಳಿದವರಿಗಿಂತ ಕಾರಿನ ಕಿಟಕಿಯಿಂದ ನೋಡಿದವರೇ ಹೆಚ್ಚು ಮಾತನಾಡುತ್ತಾರೆ. ಅವರ ತೀರ್ಪೂ ಒಂದೇ: "ಯಾರೂ ಓಡಿಸುವುದಿಲ್ಲ, ಜಾಗ ದಂಡ." ನಾನು ಓಡಿಸುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಗೆಂದು ಹೊಗಳಲು ಹೊರಟಿದ್ದೇನೆ ಎಂದುಕೊಳ್ಳಬೇಡಿ.

ಮನೆಯ ಹತ್ತಿರದಿಂದಲೇ ಶುರು ಮಾಡುತ್ತೇನೆ. ಜಯನಗರದ ಕೆಲವು ರಸ್ತೆಗಳಲ್ಲಿ 2012ರ ಸುಮಾರಿಗೆ ಸೈಕಲ್ ಪಥ ಮಾಡಿದರು. ನಾನು ತುಳಿಯಲು ಆರಂಭಿಸುವ ಹೊತ್ತಿಗೆ ಅದರ ಮೇಲೆ ಸಂಸಾರವೇ ಹೂಡಿತ್ತು. ಮುಸುಕು ಹೊದ್ದ ಕಾರು, ಮುಸುಕಿನ ಮೇಲೆ ಒಣಗಿದ ಹೊಂಗೆ ಹೂವಿನ ರಾಶಿ, ಅಂದರೆ ಎಷ್ಟೋ ದಿನದಿಂದ ಅಲುಗಿಲ್ಲ. ಅದರ ಮುಂದೆ ಎಳನೀರಿನ ಗಾಡಿ. ಅದರಾಚೆ ಮನೆ ಕಟ್ಟಿಸುತ್ತಿರುವವರ ಜಲ್ಲಿ. ಒಮ್ಮೆ ಹಪ್ಪಳ ಒಣಗಿಸಿದ್ದನ್ನೂ ನೋಡಿದ್ದೇನೆ. ಅದನ್ನು ಕಂಡು ಸಿಟ್ಟು ಬರಲಿಲ್ಲ, ಅಷ್ಟು ಒಳ್ಳೆಯ ಬಿಸಿಲು ಆ ರಸ್ತೆಯಲ್ಲಿ ಬೇರೆಲ್ಲೂ ಬೀಳುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಜಯನಗರದಲ್ಲಿ ಪಥ ಬಳಕೆಗೆ ಸಿಗದಿದ್ದುದು ನನಗೆ ಒಂದು ದಿನವೂ ಕೊರತೆ ಎನಿಸಿಲ್ಲ. ಅಡ್ಡರಸ್ತೆಗಳು ಅಗಲವಾಗಿವೆ, ಮರದ ನೆರಳಿದೆ, ನೂರು ಅಡಿಗೊಂದು ತಿರುವು ಇರುವುದರಿಂದ ಯಾರೂ ಜೋರಾಗಿ ಓಡಿಸಲಾಗುವುದಿಲ್ಲ. ನನ್ನ ಹತ್ತು ವರ್ಷದ ಮಗಳು ಅಲ್ಲಿ ಒಬ್ಬಳೇ ಗ್ರಂಥಾಲಯಕ್ಕೆ ಸೈಕಲ್‌ನಲ್ಲಿ ಹೋಗಿ ಬರುತ್ತಾಳೆ. ಇಂತಹ ಕಡೆ ಪಥ ಮಾಡಿದ್ದು ಜಾಗ ಇತ್ತು ಎಂಬ ಕಾರಣಕ್ಕೆ ಎಂದೇ ನನ್ನ ಅನುಮಾನ. ಈಸ್ಟ್ ಎಂಡ್ ರಸ್ತೆ ದಾಟಿ ಜಯದೇವ ಆಸ್ಪತ್ರೆಯ ಜಂಕ್ಷನ್ ಕಡೆ ಹೊರಳಿದ ಕೂಡಲೇ, ಎಲ್ಲಿ ಎದೆ ಢವಢವ ಎನ್ನತೊಡಗುತ್ತದೋ ಅಲ್ಲಿಂದ, ಪಥದ ಸುಳಿವೇ ಇಲ್ಲ. ಬಿಟಿಎಂ ಬಡಾವಣೆಯ ಮಗ್ಗುಲಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್‌ವರೆಗೆ ಈಗ ಎರಡು ಅಂತಸ್ತಿನ ಸೇತುವೆ ಇದೆ. ಮೇಲೆ ಮೆಟ್ರೊ, ನಡುವೆ ವಾಹನ. ಸೈಕಲ್ಲಿನವರ ಪಾಲಿಗೆ ಕೆಳಗಿನ ಕತ್ತಲು, ಕಂಬಗಳ ಸಾಲು, ಎಡಕ್ಕೆ ಒತ್ತಿಕೊಂಡು ಬರುವ ಬಸ್ಸು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ನಮ್ಮ ಅತ್ತೆ ಆಗಾಗ ಹೇಳುತ್ತಾರೆ. ಈ ದಾರಿಯಲ್ಲಿ ದಿನಕ್ಕೆರಡು ಸಲ ನನಗೆ ಆ ಮಾತು ನೆನಪಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಅಂದರೆ ಹೊರವರ್ತುಲ ರಸ್ತೆಗೆ.

2020ರಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಮೆಮೋರಿಯಲ್ ಜಂಕ್ಷನ್ ತನಕ, ಸುಮಾರು 17 ಕಿ.ಮೀ., ತಾತ್ಕಾಲಿಕ ಸೈಕಲ್ ಪಥ ಬಂತು. ಕೊರೊನಾ ಕಾಲ, ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲಲು ಜನ ಹೆದರುತ್ತಿದ್ದರು, ಸೈಕಲ್ ಅಂಗಡಿಗಳಲ್ಲಿ ಮಾಲು ಸಿಗುತ್ತಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ರಸ್ತೆಯಲ್ಲಿ ಬಸ್ ಆದ್ಯತಾ ಪಥ ಮಾಡಿದ್ದರು. ಸೈಕಲ್ ಪಥಕ್ಕೂ ಸಾಲಾಗಿ ಗಿಡ್ಡ ಕಂಬ ನೆಟ್ಟರು. ಬೆಂಗಳೂರಿನಲ್ಲಿ ಬಣ್ಣದ ಗೆರೆಗೆ ಯಾರೂ ಮರ್ಯಾದೆ ಕೊಡುವುದಿಲ್ಲ, ಕಂಬಕ್ಕೆ ಸ್ವಲ್ಪ ಕೊಡುತ್ತಾರೆ. ಬಂಪರ್ ಗೀಚಿಹೋಗುತ್ತದಲ್ಲ.

ನಾನು ಲೆಕ್ಕಪತ್ರ ವಿಭಾಗದಲ್ಲಿರುವವಳು. ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದಾಗಲೂ ಚೆಕ್ಕು, ಸಹಿ ಎಂದು ವಾರಕ್ಕೆರಡು ದಿನ ಕಚೇರಿಗೆ ಹೋಗಲೇಬೇಕಿತ್ತು. ಹಾಗಾಗಿ ಆ ಪಥದ ಒಳ್ಳೆಯ ದಿನಗಳನ್ನು ನಾನು ಉಂಡಿದ್ದೇನೆ. ಮೊದಲ ದಿನ ಅಗರದ ಹತ್ತಿರ ನನಗೆ ಗೊತ್ತಾಗದೆಯೇ ಒಂದು ಬದಲಾವಣೆ ಆಗಿತ್ತು: ನಾನು ಹಿಂದಿರುಗಿ ನೋಡುವುದನ್ನು ಬಿಟ್ಟಿದ್ದೆ. ಅದಕ್ಕೆ ಮುಂಚೆ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಬಲಭುಜದ ಮೇಲಿಂದ ಕತ್ತು ತಿರುಗಿಸುತ್ತಿದ್ದೆ, ಸಂಜೆಗೆ ಕತ್ತಿನ ಒಂದೇ ಬದಿ ನೋಯುತ್ತಿತ್ತು. ಆ ತಿಂಗಳುಗಳಲ್ಲಿ ಮುಲಾಮು ಹಚ್ಚಿದ ನೆನಪಿಲ್ಲ.

ಆದರೆ ಕಾಲ ನೋಡಿ. ಐಟಿ ಕಚೇರಿಗಳೆಲ್ಲ ಬೀಗ ಹಾಕಿಕೊಂಡಿದ್ದ ಹೊತ್ತಿನಲ್ಲಿ ಐಟಿ ಕಚೇರಿಗಳ ರಸ್ತೆಗೆ ಪಥ ಬಂತು. ಖಾಲಿ ಬಿದ್ದ ಪಥದ ಫೋಟೊ ತೆಗೆದು "ನೋಡಿ, ಯಾರಿದ್ದಾರೆ?" ಎಂದು ಹಂಚಿದವರು ಪಕ್ಕದ ಕಚೇರಿಗಳೂ ಖಾಲಿ ಎಂಬುದನ್ನು ಫೋಟೊದಲ್ಲಿ ತೋರಿಸಲಿಲ್ಲ. ಆ ಫೋಟೊಗಳೆಲ್ಲ ಬೆಳಿಗ್ಗೆ ಹತ್ತು ಗಂಟೆ ಬಿಸಿಲಿನವು.

ಬೆಳಿಗ್ಗೆ ಆರಕ್ಕೆ ಹೋಗಿ ನೋಡಬೇಕಿತ್ತು. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು, ಕಟ್ಟಡ ಕೆಲಸಕ್ಕೆ ಹೋಗುವವರು, ಕ್ಯಾಂಟೀನಿನ ಹುಡುಗರು, ಹ್ಯಾಂಡಲ್ಲಿನ ಎರಡೂ ಬದಿಗೆ ಸೊಪ್ಪಿನ ಚೀಲ ತೂಗಿಸಿಕೊಂಡ ಒಬ್ಬರು. ಇವರಿಗೆ ಹೆಲ್ಮೆಟ್ ಇಲ್ಲ, ಮಿನುಗುವ ಜಾಕೆಟ್ ಇಲ್ಲ, ಕೈಗಡಿಯಾರದಲ್ಲಿ ದೂರ ಅಳೆಯುವ ಗೀಳಿಲ್ಲ. ಸೈಕಲ್ಲಿನವರು ಎಂದರೆ ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಎಂದುಕೊಂಡವರ ಎಣಿಕೆಗೆ ಇವರು ಸಿಗುವುದೇ ಇಲ್ಲ. ನಾನೂ ಮೊದಲು ಆ ಎಣಿಕೆಯವಳೇ.

ಅವರಲ್ಲಿ ಒಬ್ಬರ ಪರಿಚಯವಾಯಿತು. ರಾಯಚೂರು ಕಡೆಯವರು, ಅಗರದಲ್ಲಿ ಒಂದು ಕೋಣೆ, ಬೆಳ್ಳಂದೂರಿನಾಚೆ ಒಂದು ಕಟ್ಟಡದ ಗೇಟಿನಲ್ಲಿ ಕೆಲಸ. ಕಪ್ಪು ಬಣ್ಣದ ಹಳೆಯ ಇಪ್ಪತ್ತೆರಡು ಇಂಚಿನ ಸೈಕಲ್, ಸೀಟಿಗೆ ಶಾಂಪೂ ಜಾಹೀರಾತಿನ ಪ್ಲಾಸ್ಟಿಕ್ ಹೊದಿಕೆ. ಒಂದು ದಿನ ಇಬ್ಬಲೂರಿನ ಹತ್ತಿರ ನನ್ನ ಚೈನ್ ಕಳಚಿಬಿದ್ದಾಗ ತಾವಾಗಿಯೇ ನಿಂತರು. "ಅಕ್ಕಾ, ಹಿಂದಿನ ಚಕ್ರ ಎತ್ತಿ ಹಿಡಿಯಿರಿ" ಎಂದು ಹೇಳಿ, ಒಂದು ಕಡ್ಡಿಯಲ್ಲಿ ಚೈನ್ ಎತ್ತಿ ಹಲ್ಲಿಗೆ ಕೂರಿಸಿ, ಪೆಡಲ್ ಹಿಮ್ಮುಖ ತಿರುಗಿಸಿದರು. ಕೈಗೆ ಎಣ್ಣೆ ತಾಗಿಸಿಕೊಳ್ಳದೆ ಚೈನ್ ಹಾಕುವುದನ್ನು ನಾನು ಅವರಿಂದ ಕಲಿತೆ. ಬಸ್ಸಿಗೆ ಕೊಡುವ ದುಡ್ಡು ಊರಿಗೆ ಕಳಿಸುವುದರಲ್ಲಿ ಸೇರುತ್ತದೆ ಎಂದಿದ್ದರು.

2021ರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಮೆಟ್ರೊ ಕಾಮಗಾರಿಯ ತಗಡಿನ ಬೇಲಿ ಬಂದ ಮೇಲೆ ಪಥ ಚೂರುಚೂರಾಯಿತು. ಮೆಟ್ರೊ ಬೇಕು, ಬೇಲಿಯೂ ಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಇದಕ್ಕೆ: ರಸ್ತೆ ಕಿರಿದಾದಾಗ ಕಾರಿಗೆ ಎಷ್ಟು ಸಾಲು ಉಳಿಸಬೇಕು ಎಂದು ತಲೆ ಕೆಡಿಸಿಕೊಂಡವರು ಸೈಕಲ್ಲಿಗೆ ಎರಡು ಮೊಳ ಉಳಿಸುವ ಮಾತನ್ನೇ ಆಡಲಿಲ್ಲ. ಕಂಬಗಳನ್ನು ವಾಹನಗಳು ಒಂದೊಂದಾಗಿ ಮುರಿದವು. ಮುರಿದ ಕಂಬದ ಕೆಳಗೆ ಬೋಲ್ಟುಗಳು ಹಾಗೆಯೇ ಉಳಿದವು, ಹೆಬ್ಬೆರಳುದ್ದ, ನೆಟ್ಟಗೆ. ಮಳೆ ನೀರು ನಿಂತರೆ ಕಾಣುವುದಿಲ್ಲ. ಒಂದೇ ಮಳೆಗಾಲದಲ್ಲಿ ನನ್ನ ಹಿಂದಿನ ಟೈರು ಎರಡು ಸಲ ಸೀಳಿತು. ತಿಲಕನಗರದ ಪಂಕ್ಚರ್ ಅಂಗಡಿಯ ಹಿರಿಯರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾ, "ಇದು ಮೊಳೆಯಲ್ಲಮ್ಮ, ತೇಪೆ ನಿಲ್ಲುವುದಿಲ್ಲ, ಹೊಸದು ಹಾಕಿಸಿಬಿಡಿ" ಎಂದರು. ಸೈಕಲ್ ರಕ್ಷಣೆಗೆಂದು ನೆಟ್ಟದ್ದೇ ಸೈಕಲ್ಲಿನ ಟೈರು ಕೊಯ್ದದ್ದು ಈ ಸೇವೆಯ ಅತಿ ದೊಡ್ಡ ದೋಷ ಎಂದು ದಾಖಲಿಸುತ್ತೇನೆ. (2022ರ ಸೆಪ್ಟೆಂಬರ್ ಪ್ರವಾಹದ ವಾರದಲ್ಲಿ ಮಾತ್ರ ಎಲ್ಲರೂ ಸಮಾನರಾದೆವು. ಕಾರಿನವರೂ ಟ್ರ್ಯಾಕ್ಟರ್ ಹತ್ತಿದ್ದರು.)

ನಗರದ ನಡುಭಾಗದ ಬಗ್ಗೆ ಎರಡು ಮಾತು. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್ ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದಾಗ ತಂತಿ, ಕೊಳವೆಗಳನ್ನೆಲ್ಲ ನೆಲದಡಿಗೆ ಇಳಿಸಿ ಕಾಲುದಾರಿಯನ್ನು ಅಗಲ ಮಾಡಿದರು. ಅಲ್ಲಿ ಆಗಾಗ ತುಳಿದಿದ್ದೇನೆ, ನೆಲ ನಯವಾಗಿದೆ. ಆದರೆ ಸಿಗ್ನಲ್ ಬಿದ್ದರೆ ಸ್ಕೂಟರಿನವರು ಕಾಲುದಾರಿಯ ಮೇಲೇ ಹತ್ತುತ್ತಾರೆ, ಹತ್ತಿದ ಮೇಲೆ ಹಾರನ್ನೂ ಹೊಡೆಯುತ್ತಾರೆ. ಇನ್ನು ಪಥದಲ್ಲಿ ನಡೆಯುವವರ ಮೇಲೆ ಸೈಕಲ್ ಗೆಳೆಯರು ರೇಗುವುದನ್ನು ನಾನು ಒಪ್ಪುವುದಿಲ್ಲ. ಅವರ ಕಾಲುದಾರಿಯನ್ನು ಬೇರೆ ಯಾರೋ ನುಂಗಿದ್ದಕ್ಕೆ ಅವರು ಇಲ್ಲಿಗೆ ಬಂದಿದ್ದಾರೆ.

ಪೂರಕ ಸೌಲಭ್ಯಗಳು: ಮಡಚುವ ಸೈಕಲ್ಲನ್ನು ಮೆಟ್ರೊದೊಳಗೆ ಒಯ್ಯಬಹುದು. ಕೆಲವು ಬಿಎಂಟಿಸಿ ಬಸ್ಸುಗಳ ಮುಂಭಾಗಕ್ಕೆ ಸೈಕಲ್ ಕಟ್ಟುವ ಚೌಕಟ್ಟು ಹಾಕಿದ್ದರು. ನನಗೆ ಬೇಕಾದ ಬಸ್ಸಿಗೆ ಅದು ಇದ್ದದ್ದು ಒಂದೇ ಸಲ, ಕಟ್ಟುವಷ್ಟರಲ್ಲಿ ಹಿಂದಿನಿಂದ ಬಂದ ಹಾರನ್ನುಗಳ ಕೂಗಿಗೆ ಹೆದರಿ ಇಳಿಸಿಕೊಂಡೆ. 2025ರ ಆಗಸ್ಟಿನಲ್ಲಿ ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಜೋರು ಮಳೆಯ ದಿನ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿಗೆ ರೈಲಿನಲ್ಲಿ ಹೋಗುತ್ತೇನೆ.

ಹಾಗಾದರೆ ಪಥ ಬೇಕೇ? ನಗರದಲ್ಲಿ ನೋಂದಾಯಿತ ವಾಹನ ಒಂದು ಕೋಟಿ ದಾಟಿದೆ. ಸಂಜೆ ಕಾರಿನಲ್ಲಿ ನನ್ನ ಸಹೋದ್ಯೋಗಿ ಜಯನಗರ ತಲುಪಲು ಒಂದೂಕಾಲು ಗಂಟೆ, ನಾನು ಐವತ್ತು ನಿಮಿಷ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರು, ವರ್ಷದ ಹೆಚ್ಚಿನ ತಿಂಗಳು ಬೆವರಿಳಿಸದ ಹವೆ. ಇವೆಲ್ಲ ಇದ್ದೂ ಜನ ಯಾಕೆ ಬರುವುದಿಲ್ಲ ಎಂದರೆ, ತುಂಡು ಪಥವನ್ನು ನಂಬಿ ಯಾರೂ ಮನೆಯಿಂದ ಹೊರಡುವುದಿಲ್ಲ. ಒಂಬತ್ತು ಕಿಲೋಮೀಟರ್ ನೆಮ್ಮದಿಯಾಗಿದ್ದು ಸಿಲ್ಕ್ ಬೋರ್ಡಿನ ಇನ್ನೂರು ಮೀಟರ್ ಭಯವಾದರೆ, ಆ ಇನ್ನೂರು ಮೀಟರೇ ತೀರ್ಮಾನ ಮಾಡುತ್ತದೆ. ಸ್ಪೇನಿನ ಸೆವಿಲ್ಲೆ ನಗರದವರು 2006–07ರ ಹೊತ್ತಿಗೆ ಸುಮಾರು 80 ಕಿ.ಮೀ. ಪಥವನ್ನು ಒಂದಕ್ಕೊಂದು ಕೂಡುವಂತೆ ಒಟ್ಟಿಗೇ ಹಾಕಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಸೈಕಲ್ ಬಳಕೆ ಹಲವು ಪಟ್ಟಾಯಿತು. ನಾವು ಜಯನಗರದಲ್ಲಿ ಒಂದು ತುಂಡು, ಹೊರವರ್ತುಲದಲ್ಲಿ ಒಂದು ತುಂಡು ಹಾಕಿ, ನಡುವಿನದನ್ನು ಸವಾರರ ಧೈರ್ಯಕ್ಕೆ ಬಿಟ್ಟೆವು. ನನ್ನ ಕೈಯಲ್ಲಿ ದುಡ್ಡಿದ್ದರೆ ಬಡಾವಣೆಯೊಳಗೆ ಒಂದು ಮೀಟರ್ ಪಥವನ್ನೂ ಹಾಕದೆ ಅಷ್ಟನ್ನೂ ಜಯದೇವ, ಸಿಲ್ಕ್ ಬೋರ್ಡ್, ಇಬ್ಬಲೂರು ಜಂಕ್ಷನ್ನುಗಳಿಗೆ ಸುರಿಯುತ್ತಿದ್ದೆ.

ಕಳೆದ ತಿಂಗಳು ಅಗರದ ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ಒಂದು ಹಳೆಯ ಮೊಪೆಡ್ ಬಂದು ನಿಂತಿತು. ಅದರ ಮೇಲೆ ರಾಯಚೂರಿನ ಅಣ್ಣ. ಕಂತಿನಲ್ಲಿ ತೆಗೆದುಕೊಂಡರಂತೆ. "ಕಂಬ ಇದ್ದಾಗ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ ಅಕ್ಕಾ. ಕಂಬ ಹೋದ ಮೇಲೆ ಒಮ್ಮೆ ಟಿಪ್ಪರ್ ತಾಗಿತು, ಕೈಯಷ್ಟೇ ತರಚಿದ್ದು, ಆದರೂ ಹೆಂಡತಿ ಕೇಳಲಿಲ್ಲ." ಸೈಕಲ್ ಏನಾಯಿತು ಎಂದೆ. ಕಟ್ಟಡದ ನೆಲಮಾಳಿಗೆಯಲ್ಲಿ ನಿಂತಿದೆಯಂತೆ, ಟೈರಿಗೆ ಗಾಳಿ ಇಲ್ಲದೆ. ಸಿಗ್ನಲ್ ಬಿಟ್ಟಿತು, ಮೊಪೆಡ್ ಮುಂದೆ ಹೋಯಿತು.

ಅಂಕ: ಐದಕ್ಕೆ ಎರಡು. ಎರಡೂ 2020ರಿಂದ ಬೇಲಿ ಬರುವವರೆಗಿನ ಆ ಕೆಲವು ತಿಂಗಳಿಗೆ.