ಸೈಕಲ್‌ಗೆ 38 ಎಂಎಂ ಅಗಲದ ಟೈರ್ ಹಾಕಿ ಆರು ತಿಂಗಳು: ಗುಂಡಿ ಹಂಗೇ ಇದೆ, ಮೈಕೈ ನೋವು ಹೋಯ್ತು

ಮೊದಲೇ ಹೇಳ್ಬಿಡ್ತೀನಿ, ನಾನು ರೇಸರ್ ಅಲ್ಲ. ವಾರಕ್ಕೆ ಮೂರು ದಿನ ಕೆಂಗೇರಿಯಿಂದ ಜಯನಗರಕ್ಕೆ ಆಫೀಸ್, ಭಾನುವಾರ ಬೆಳಗ್ಗೆ ರಾಮೋಹಳ್ಳಿ ದೊಡ್ಡ ಆಲದಮರದ ಕಡೆ ಒಂದು ರೈಡು, ಮೈ ಹಗುರ ಇದ್ದ ದಿನ ಹಂಗೇ ಮಂಚನಬೆಲೆ ತನಕ. ತೂಕ 74 ಕೆಜಿ, ಜೊತೆಗೆ ಲ್ಯಾಪ್‌ಟಾಪ್ ಬ್ಯಾಗು. ನಿಮ್ಮ ಲೆಕ್ಕ ಬೇರೆ ಇದ್ರೆ ಕೆಳಗಿನ ನಂಬರ್‌ಗಳನ್ನ ಅದಕ್ಕೆ ತಕ್ಕಂಗೆ ಹೊಂದಿಸ್ಕೊಳ್ಳಿ.

ಸೈಕಲ್ ಜೊತೆ ಬಂದಿದ್ದ ಟೈರು 32ರದ್ದು, ಅಂದ್ರೆ 32 ಎಂಎಂ ಅಗಲ. ಕಂಪನಿ ಹೆಸರು ಬೇಡ ಬಿಡಿ. ಪಂಚರ್ ಆಗಲ್ಲ ಅಂತ ಒಳಗೆ ದಪ್ಪ ಪಟ್ಟಿ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಅಂತೂ ಗಾಳಿ ಇಲ್ದೇ ಇದ್ರೂ ನೆಟ್ಟಗೆ ನಿಂತಿರೋದು, ಹೆಬ್ಬೆರಳಲ್ಲಿ ಎಷ್ಟು ಅಮುಕಿದ್ರೂ ಜಗ್ಗಲ್ಲ. ಅದಕ್ಕೆ ನಾನು 80 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಗಾಳಿ ಬೇರೆ ಹೊಡಿತಿದ್ದೆ, ಗಟ್ಟಿ ಇದ್ರೆ ಜೋರಾಗಿ ಓಡತ್ತೆ ಅನ್ನೋ ಸ್ಕೂಲ್ ಕಾಲದ ನಂಬಿಕೆ. ವೈಟ್‌ಟಾಪಿಂಗ್ ರೋಡಲ್ಲಿ ಕಾಂಕ್ರೀಟ್ ಜಾಯಿಂಟ್ ಬಂದಾಗೆಲ್ಲ ಟಕ್ ಟಕ್ ಅಂತ ಮಣಿಕಟ್ಟಿಗೆ ಹೊಡೆತ, ಪೈಪು ಕೇಬಲ್ಲು ಅಂತ ಅಗೆದು ಮುಚ್ಚಿರೋ ಕಡೆ ಸೊಂಟಕ್ಕೆ. ಆಫೀಸ್‌ಗೆ ಹೋಗಿ ಕೂತ್ರೆ ಅರ್ಧ ಗಂಟೆ ಕೈ ಜುಮ್ ಅನ್ನೋದು.

ಆಮೇಲೆ ತಗೊಂಡಿದ್ದು ಪ್ಯಾನರೇಸರ್ ಗ್ರಾವೆಲ್‌ಕಿಂಗ್, 700x38 (700 ಚಕ್ರದ ಸೈಜು, 38 ಅಗಲ), ಸ್ಲಿಕ್, ಅಂದ್ರೆ ಮೇಲ್ಮೈ ನುಣ್ಣಗಿರೋದು. ಜಪಾನ್ ಕಂಪನಿ. ಈ ಮೆತ್ತನೆ ಅಗಲ ಟೈರ್‌ಗಳ ಬಗ್ಗೆ ವರ್ಷಗಟ್ಟಲೆ ಬರೆದು, ತಾನೇ ರೋಡಲ್ಲಿ ಟೆಸ್ಟ್ ಮಾಡಿ ತೋರಿಸಿದ ಯಾನ್ ಹೈನೆ ಅನ್ನೋ ಅಮೆರಿಕದಲ್ಲಿರೋ ಮನುಷ್ಯ ಮಾರೋ ರೆನೆ ಹೆರ್ಸ್ ಟೈರ್ ಇದೆಯಲ್ಲ, ಅದನ್ನೂ ಮಾಡಿಕೊಡೋದು ಪ್ಯಾನರೇಸರೇ. ಅದು ತುಂಬ ದುಬಾರಿ, ಇಲ್ಲಿಗೆ ತರಿಸೋ ತಲೆನೋವು ಬೇರೆ, ನನ್ ಜೇಬಿಗೆ ಇದೇ ಸಾಕು ಅನ್ಕೊಂಡೆ. ಜೋಡಿಗೆ ಎಂಟು ಸಾವಿರದ ಹತ್ರ ಬಿತ್ತು. ಮನೇಲಿ 'ಟೈರ್‌ಗಾ? ಸೈಕಲ್ ಟೈರ್‌ಗಾ?' ಅಂತ ಎರಡು ಸಲ ಕೇಳಿದ್ರು, ಎರಡು ಸಲವೂ ನಾನು ಕಾಫಿ ಕುಡೀತಾ ಇದ್ದೆ.

ಮೆತ್ತಗಿದ್ರೆ ನಿಧಾನ ಅಲ್ವಾ ಅಂತ ಎಲ್ರೂ ಕೇಳ್ತಾರೆ. ಅಲ್ಲ. ಟೈರ್ ನೆಲಕ್ಕೆ ತಾಗಿದ ಜಾಗದಲ್ಲಿ ಬಗ್ಗತ್ತೆ, ಮೇಲೆ ಹೋದಾಗ ಮತ್ತೆ ನೆಟ್ಟಗಾಗತ್ತೆ, ಒಂದು ಸುತ್ತಿಗೆ ಒಂದು ಸಲ. ದಪ್ಪ ರಬ್ಬರ್ ಆದ್ರೆ ಹಿಂಗೆ ಬಗ್ಗಿಸೋಕೆ ನಾವು ತುಳಿದ ಶಕ್ತಿ ಅಷ್ಟಷ್ಟೇ ಬಿಸಿಯಾಗಿ ಹೋಗ್ತಾ ಇರತ್ತೆ, ತೆಳು ನೂಲಿನ ಟೈರ್ ಸಲೀಸಾಗಿ ಬಗ್ಗತ್ತೆ, ನಷ್ಟ ಕಮ್ಮಿ. ಇನ್ನೊಂದು, ರೋಡು ಒರಟಿದ್ದಾಗ ಗಟ್ಟಿ ಟೈರ್ ಮೇಲೆ ನಮ್ಮ ಮೈಯೇ ಅಲುಗಾಡತ್ತಲ್ಲ, ಆ ಕುಲುಕಾಟಕ್ಕೂ ನಾವೇ ತುಳಿದು ಕೊಡ್ಬೇಕು. ನುಣ್ಣಗಿರೋ ವೆಲೋಡ್ರೋಮಲ್ಲಿ (ಸೈಕಲ್ ರೇಸಿನ ಟ್ರ್ಯಾಕು) ಇದು ಗೊತ್ತಾಗಲ್ಲ, ಮಾಗಡಿ ರೋಡಲ್ಲಿ ಚೆನ್ನಾಗಿ ಗೊತ್ತಾಗತ್ತೆ.

ಬರೀ ಅಗಲ ಇದ್ರೆ ಸಾಲದು ಅನ್ನೋಕೆ ಸಾಕ್ಷಿ ನಮ್ಮಪ್ಪನ ಅಟ್ಲಾಸ್ ಸೈಕಲ್. ಅದರ ಟೈರು 28 x 1½, ಅಂದ್ರೆ ಹೆಚ್ಚುಕಮ್ಮಿ 40 ಎಂಎಂ, ನಂದಕ್ಕಿಂತ ಅಗಲ. ಈಗ ಗ್ರಾವೆಲ್ಲು (ಜಲ್ಲಿ-ಮಣ್ಣಿನ ದಾರೀಲಿ ಸೈಕಲ್ ಓಡಿಸೋದು) ಅಂತ ಹೊಸದಾಗಿ ಕುಣೀತೀವಿ, ಹಾಲಿನ ಕ್ಯಾನ್ ಕಟ್ಕೊಂಡು ನಮ್ ತಾತಂದ್ರು ಅದನ್ನೇ ಓಡಿಸ್ತಿದ್ರು. ಆದ್ರೆ ಆ ಟೈರು ಮೂಟೆ ಹೊರೋಕೆ ಮಾಡಿದ್ದು, ರಬ್ಬರ್ ದಪ್ಪ. ಅಗಲ ಇದ್ರೂ ನೆಲಕ್ಕೆ ಅಂಟ್ಕೊಂಡಂಗೆ ಭಾರವಾಗಿ ಓಡತ್ತೆ.

ಹಾಕಿಸಿದ ದಿನ ಒಂದು ಪೆದ್ದ ಕೆಲಸ ಮಾಡ್ದೆ. ಇದಕ್ಕೂ ಹಳೇ ಅಭ್ಯಾಸದಂತೆ 75 ಹೊಡೆದೆ. ದೊಡ್ಡ ಆಲದಮರ ಮುಟ್ಟೋ ಹೊತ್ತಿಗೆ ದುಡ್ಡು ದಂಡ ಅನ್ಸಿತ್ತು, ಚೆಂಡಿನ ಮೇಲೆ ಕೂತಂಗೆ ಪುಟಿತಾ ಇತ್ತು. ಮನೇಗ್ ಬಂದು ಲೆಕ್ಕ ಹಾಕ್ದೆ: ಟೈರ್ ಗೋಡೆ ಮೇಲಿನ ಬಿಗಿತ ಗಾಳಿ ಒತ್ತಡ ಮತ್ತೆ ಅಗಲ ಎರಡೂ ಗುಣಿಸಿದಷ್ಟು. 25ರ ಟೈರಲ್ಲಿ 90 ಹೊಡೆದ್ರೆ ಎಷ್ಟು ಬಿಗಿನೋ 38ರಲ್ಲಿ 60ಕ್ಕೇ ಅಷ್ಟು ಬಿಗಿ. ಅಂದ್ರೆ ನಾನು 75 ಹೊಡೆದಿದ್ದು 25ರಲ್ಲಿ 114 ಹೊಡೆದಂಗೆ! ಆಮೇಲೆ ದಿನಾ ಎರಡೆರಡೇ ಇಳಿಸ್ತಾ ಬಂದೆ. ಈಗ ಹಿಂದೆ 44 ಪಿಎಸ್‌ಐ, ಮುಂದೆ 38 ಪಿಎಸ್‌ಐ. ಜಲ್ಲಿ ಜಾಸ್ತಿ ಇರೋ ದಿನ ಇನ್ನೂ ನಾಲ್ಕು ಕಮ್ಮಿ. ಆ ಮಟ್ಟಕ್ಕೆ ಬಂದ ದಿನ ಜಾಯಿಂಟುಗಳ ಟಕ್ ಟಕ್ ಹೋಗಿ ಬರೀ ಡುಬ್ ಡುಬ್ ಉಳೀತು, ಕೈ ಜುಮ್ ಅನ್ನೋದು ನಿಂತೇ ಹೋಯ್ತು. ಆಫೀಸ್ ಮುಟ್ಟೋ ಟೈಮು? ಹೆಚ್ಚುಕಮ್ಮಿ ಅಷ್ಟೇ, ಸಿಗ್ನಲ್ ಇರೋ ಊರಲ್ಲಿ ಟೈರ್ ಏನ್ ಮಾಡತ್ತೆ ಪಾಪ.

ಸ್ಲಿಕ್ ಯಾಕೆ, ಗ್ರಾವೆಲ್‌ಗೆ ಗುಬಟು ಇರೋ ಟೈರ್ ಬೇಡ್ವಾ ಅಂದ್ರೆ, ಒಣಗಿದ ಕಚ್ಚಾ ರಸ್ತೆ ಮೇಲೆ ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ, ಟಾರ್ ರೋಡಲ್ಲಿ ಗುಂಯ್ ಅನ್ನೋ ಸದ್ದು ಇಲ್ಲ ಅನ್ನೋದೇ ಲಾಭ. ಮಳೆ ಬಿದ್ದ ಕೆಂಪು ಮಣ್ಣಲ್ಲಿ ಮಾತ್ರ ಸ್ಲಿಕ್ ಆಟ ನಡಿಯಲ್ಲ, ನಾನು ಇಳಿದು ತಳ್ಕೊಂಡು ಹೋಗ್ತೀನಿ, ನಾಚಿಕೆ ಏನಿಲ್ಲ.

ಭಯ ಇರೋದು ಸೈಡ್‌ವಾಲ್ ವಿಷ್ಯದಲ್ಲಿ. ಮೆತ್ತಗಿರ್ಬೇಕು ಅಂದ್ರೆ ತೆಳ್ಳಗಿರ್ಲೇಬೇಕು, ಯಾವ ಕಂಪನಿದಾದ್ರೂ ಅಷ್ಟೇ. ಜೊತೆಗೆ ಬರೋ ಗೆಳೆಯಂದು ಬೇರೆ ಕಂಪನಿ ಟೈರು, ಮಂಚನಬೆಲೆ ಇಳಿಜಾರಲ್ಲಿ ಚೂಪು ಜಲ್ಲಿ ತಾಗಿ ಪಕ್ಕದಲ್ಲಿ ಉಗುರಷ್ಟು ಸೀಳಿ ಟ್ಯೂಬು ಗುಳ್ಳೆ ಥರ ಹೊರಗೆ ಬಂತು. ಬ್ಯಾಗಲ್ಲಿ ಕತ್ತರಿಸಿ ಇಟ್ಟಿದ್ದ ಹಳೇ ಟೂತ್‌ಪೇಸ್ಟ್ ಟ್ಯೂಬಿನ ತುಂಡನ್ನ ಒಳಗಿಂದ ಕೊಟ್ಟು, ಗಾಳಿ ಕಮ್ಮಿ ಹೊಡೆದು, ನಿಧಾನವಾಗಿ ಮನೆ ಸೇರಿದ್ವಿ. ಅವತ್ತಿಂದ ನಾನೂ ಒಂದು ತುಂಡು ಇಟ್ಕೊಂಡಿದೀನಿ. ಜಾಲಿಮುಳ್ಳು, ಲಾರಿ ಟೈರಿಂದ ಉದುರೋ ಸಣ್ಣ ತಂತಿ ಇವುಕ್ಕೆಲ್ಲ ದಪ್ಪ ಟೈರೇ ವಾಸಿ, ಅದು ನಿಜ. ಪಂಚರ್ ಅಂದ್ರೇನೇ ಮೈಯುರಿಯೋರು ಇದನ್ನ ತಗೋಬೇಡಿ.

ತಗೊಳ್ಳೋ ಮುಂಚೆ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಕವಲು) ಮತ್ತೆ ಚೈನ್‌ಸ್ಟೇ (ಹಿಂದಿನ ಚಕ್ರದ ಎರಡೂ ಪಕ್ಕದ ಕೆಳಗಿನ ಪೈಪು) ಹತ್ರ ಸ್ಕೇಲ್ ಇಟ್ಟು ನೋಡಿ. ನಾನು ಹೋದ ಅಂಗಡಿಯವನು 'ಹಿಡಿಯತ್ತೆ ಸಾರ್' ಅಂದ, ಹಿಡೀತು, ಆದ್ರೆ ಒಂದು ಕಡೆ ಮೂರು ಎಂಎಂ ಮಾತ್ರ ಗ್ಯಾಪು, ಆಮೇಲೆ ಚಕ್ರ ಸರಿಯಾಗಿ ಕೂರಿಸಿ ಎರಡೂ ಕಡೆ ಸಮ ಮಾಡಿಸ್ಬೇಕಾಯ್ತು. ರಿಮ್ ಅಗಲ ಇದ್ರೆ 38 ಅಂತ ಬರೆದಿದ್ದು 39, 40 ಆಗೋದೂ ಉಂಟು. ಸಣ್ಣ ಕ್ಯಾಲಿಪರ್ ಬ್ರೇಕಿನ ರೋಡ್ ಬೈಕ್ ಆದ್ರೆ 28 ಹಿಡಿದ್ರೇ ಪುಣ್ಯ, ಆಗ ಅದರಲ್ಲೇ ಮೆತ್ತಗಿರೋದು ಹುಡುಕಿ.

ಕೊನೇದಾಗಿ, ಟ್ಯೂಬಿಗೆ ಪ್ರೆಸ್ಟಾ ವಾಲ್ವ್ (ತೆಳ್ಳಗಿನ ಗಾಳಿ ಮೂತಿ) ಇದ್ರೆ ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದು ಕೀ ಬಂಚಲ್ಲಿ ಹಾಕ್ಕೊಳ್ಳಿ. ಪೆಟ್ರೋಲ್ ಬಂಕ್ ಮೆಷಿನ್ ಅದಿಲ್ದೇ ಹಿಡಿಯಲ್ಲ. ನಮ್ಮ ಏರಿಯಾ ಪಂಚರ್ ಅಂಗಡಿ ಅಣ್ಣ ಈಗ್ಲೂ ನನ್ ಟೈರ್ ಅಮುಕಿ ನೋಡಿ 'ಗಾಳಿನೇ ಇಲ್ವಲ್ಲ ಸಾರ್, ಹೊಡಿಲಾ?' ಅಂತಾನೆ. ಬೇಡ ಅಣ್ಣ, ಇರ್ಲಿ ಅಂತೀನಿ.