ಅಲಾರಂ ನಿಲ್ಲಿಸಲು ಅರ್ತ್ ಕಳಚಬೇಡಿ

ಬದಿಯಡ್ಕದ ಹತ್ತಿರ, ನಮ್ಮ ಅಡಿಕೆ ಸುಲಿಯುವ ಕೊಟ್ಟಿಗೆಯ ಮೂಲೆಯಲ್ಲಿ ನನ್ನದೊಂದು 6040 ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರ, ಇದೆ. ಹಲಸಿನ ಹಲಗೆಯಲ್ಲಿ ಮನೆ ಹೆಸರು ಕೆತ್ತುವುದು, ಅಷ್ಟೇ ಕೆಲಸ. ಸ್ಪಿಂಡಲ್ (ಕೆತ್ತುವ ಬಿಟ್ಟನ್ನು ತಿರುಗಿಸುವ ಮೋಟಾರು) ತಿರುಗದಿದ್ದಾಗ ಯಂತ್ರ ಸಾಧು. ತಿರುಗಿಸಿದರೆ ಸಾಕು, ಅಂಚು ಮುಟ್ಟಿದಾಗ ಯಂತ್ರವನ್ನು ನಿಲ್ಲಿಸುವ ಯಾವ ಲಿಮಿಟ್ ಸ್ವಿಚ್ಚನ್ನೂ ಮುಟ್ಟದೆ ‘ಹಾರ್ಡ್ ಲಿಮಿಟ್’ ಅಂತ ಅಲಾರಂ ಕೊಟ್ಟು ನಡುವೆಯೇ ನಿಲ್ಲುತ್ತಿತ್ತು. ಮೂರು ಹಲಗೆ ಬಚ್ಚಲ ಒಲೆಗೆ ಹೋದವು.

ಮಾರಿದವರಿಗೆ ಫೋನ್ ಮಾಡಿದೆ. “ವಿಎಫ್‌ಡಿಯ ಅರ್ತ್ ವಯರ್ ತೆಗೆದು ನೋಡಿ” ಅಂದರು. ವಿಎಫ್‌ಡಿ ಅಂದರೆ ಸ್ಪಿಂಡಲಿಗೆ ಕರೆಂಟು ಕೊಟ್ಟು ಅದರ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ. ತೆಗೆದೆ. ಸರಿಯಾಯಿತು ಕೂಡ! ನಾನು ಮೋಸಹೋದದ್ದೇ ಅಲ್ಲಿ. ಗೆಲುವಿನಲ್ಲಿ ನಾಲ್ಕು ಜನರಿಗೆ ಈ ಉಪಾಯ ಹೇಳಿಯೂ ಬಿಟ್ಟೆ.

ಆಟಿಯ ಮಳೆ, ಸಿಮೆಂಟು ನೆಲವೆಲ್ಲ ಪಸೆ. ಚಾ ತಂದ ಅಮ್ಮ ಬರಿಗಾಲಲ್ಲಿ ನಿಂತು, ಲೋಟ ಇಡಲೆಂದು ಬಗ್ಗಿ ಎಡಗೈಯನ್ನು ಯಂತ್ರದ ಕಬ್ಬಿಣದ ಸ್ಟ್ಯಾಂಡಿಗೆ ಊರಿದರು. ಲೋಟ ನನ್ನ ಕಾಲ ಬಳಿ ಬಂದು ಬಿತ್ತು. ಮೊಣಕೈವರೆಗಿನ ಜೋಮು ಸಂಜೆಯಾದರೂ ಬಿಟ್ಟಿರಲಿಲ್ಲ. ಮಲ್ಟಿಮೀಟರ್ ಹಿಡಿದರೆ ಸ್ಟ್ಯಾಂಡಿಗೂ ಅರ್ತಿಗೂ ನಡುವೆ 108 ವೋಲ್ಟ್. ವಿಎಫ್‌ಡಿಯ ಫಿಲ್ಟರಿನಲ್ಲಿ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಅರ್ತಿಗೆ ಕೆಪಾಸಿಟರ್ ಇರುತ್ತದೆ; ಅರ್ತ್ ಕಳಚಿದರೆ ಯಂತ್ರದ ಮೈಯಲ್ಲಿ 230ರ ಹೆಚ್ಚುಕಡಿಮೆ ಅರ್ಧ ನಿಲ್ಲುತ್ತದೆ. ಇದು ಬರೀ ಸೋರಿಕೆ. ಫೇಸ್ ವಯರೇ ಮೈಗೆ ತಾಗಿದ್ದಿದ್ದರೆ? ಕರೆಂಟು ಅರ್ತಿಗೆ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಯೂ ಕೊಟ್ಟಿಗೆಗೆ ಇರಲಿಲ್ಲ.

ಆಮೇಲೆ ಕೂತು ಬಿಚ್ಚಿದೆ. (ಸ್ವಿಚ್ ಆಫ್ ಮಾಡಿದ ಮೇಲೂ ಹತ್ತು ನಿಮಿಷ ಕಾಯಿರಿ, ವಿಎಫ್‌ಡಿಯೊಳಗೆ 325 ವೋಲ್ಟ್‌ನಷ್ಟು ಡಿಸಿ ಉಳಿದಿರುತ್ತದೆ.) ಸ್ಪಿಂಡಲ್ ಪ್ಲಗ್ಗಿನಲ್ಲಿ ಅರ್ತಿಗಿರುವ ನಾಲ್ಕನೇ ಪಿನ್ನಿಗೂ ಸ್ಪಿಂಡಲ್ ಮೈಗೂ ಮೀಟರ್ ಇಟ್ಟರೆ ಬೀಪ್ ಇಲ್ಲ, ಒಳಗೆ ವಯರೇ ಕೊಟ್ಟಿರಲಿಲ್ಲ. ಸ್ಪಿಂಡಲನ್ನು ಹಿಡಿದಿರುವ ಕ್ಲಾಂಪು ಅನೊಡೈಸ್ ಮಾಡಿದ (ಮೇಲೆ ಆಕ್ಸೈಡ್ ಪದರ ಬೆಳೆಸಿದ) ಅಲ್ಯೂಮಿನಿಯಂ, ಆ ಪದರದಲ್ಲಿ ಕರೆಂಟು ಹಾಯುವುದಿಲ್ಲ. ಹಾಗಾಗಿ ಸ್ಪಿಂಡಲ್ ಮೈಗೆ ಅರ್ತೇ ಇರಲಿಲ್ಲ. ಸಾಲದ್ದಕ್ಕೆ ಶೀಲ್ಡ್ (ಲೋಹದ ಹೊದಿಕೆ) ಇಲ್ಲದ ಸ್ಪಿಂಡಲ್ ಕೇಬಲ್ಲೂ ಲಿಮಿಟ್ ಸ್ವಿಚ್ಚಿನ ಸಪೂರ ವಯರುಗಳೂ ವಯರು ಹೊತ್ತೊಯ್ಯುವ ಒಂದೇ ಡ್ರ್ಯಾಗ್ ಚೈನಿನಲ್ಲಿ ಅಂಟಿಕೊಂಡು ಮಲಗಿದ್ದವು. ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ವೋಲ್ಟೇಜು ಪಕ್ಕದ ವಯರನ್ನು ಸುಮ್ಮನೆ ಬಿಟ್ಟೀತೇ?

ಈಗ ಶೀಲ್ಡ್ ಇರುವ ನಾಲ್ಕು ಕೋರಿನ ಕೇಬಲ್ ಹಾಕಿ, ಅರ್ತ್ ಕೋರನ್ನು ಸ್ಪಿಂಡಲ್ ಮೈಗೇ ಸ್ಕ್ರೂ ಮಾಡಿದ್ದೇನೆ. ಲಿಮಿಟ್ ವಯರು ಅದರಿಂದ ಒಂದು ಗೇಣು ದೂರ, ಲಿಮಿಟ್ ವಯರಿನ ಶೀಲ್ಡಿಗೆ ಯಂತ್ರ ನಡೆಸುವ ಕಂಟ್ರೋಲರ್ ಬೋರ್ಡಿನ ಕಡೆಯಲ್ಲಿ ಮಾತ್ರ ಅರ್ತ್. ಆ ಬೋರ್ಡಿನ ಲಿಮಿಟ್ ಇನ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ವಿಎಫ್‌ಡಿಯ ಅರ್ತ್ ಅದರ ಜಾಗಕ್ಕೆ ಮರಳಿದೆ, ಅಲಾರಂ ಬಂದಿಲ್ಲ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಗುಂಡಿಯೂ ಕೈಕೊಡುತ್ತದೆ, ಅದಕ್ಕೆ ನೀರು ಹೊಯ್ಯುವ ಕೆಲಸ ನನ್ನದೇ.

ಉಪಾಯ ಹೇಳಿಕೊಟ್ಟ ನಾಲ್ವರಲ್ಲಿ ಮೂವರಿಗೆ ಫೋನ್ ಮಾಡಿ ಅರ್ತ್ ಹಾಕಿಸಿದೆ. ಕುಂಬಳೆ ಕಡೆಯವರೊಬ್ಬರು ಫೋನ್ ಎತ್ತುತ್ತಿಲ್ಲ. ಆ ಕಡೆ ರೂಟರ್ ಇಟ್ಟವರು ನಿಮಗೆ ಪರಿಚಯವಿದ್ದರೆ ಇದನ್ನು ದಯವಿಟ್ಟು ತೋರಿಸಿ.